ಕಿಟಕಿ ಇರುವ ಆಸ್ಪತ್ರೆಗಳು: ಲಿಟಲ್ ಎಲ್ಮ್‌ನಿಂದ ಆಸ್ಟಿನ್‌ವರೆಗೆ ಒಂದು ಸುತ್ತು

ಡಲ್ಲಾಸ್ ಕಡೆಗೆ ಹೊಸದಾಗಿ ಬಂದವರಿಗೆ ಲಿಟಲ್ ಎಲ್ಮ್‌ನಲ್ಲಿ ಮೊದಲು ಕಾಣೋದು ನೀರು. ಯಾವ ರಸ್ತೆ ಹಿಡಿದರೂ ಎಲ್ಲೋ ಒಂದು ಕಡೆ ಲೂಯಿಸ್‌ವಿಲ್ ಲೇಕ್ ಇಣುಕುತ್ತೆ. 2000ರ ಜನಗಣತಿಯಲ್ಲಿ ಈ ಊರಿನ ಜನಸಂಖ್ಯೆ 3,646. 2020ರಲ್ಲಿ 46,453. ಇಪ್ಪತ್ತು ವರ್ಷದಲ್ಲಿ ಹಳ್ಳಿ ಹೋಗಿ ಪಟ್ಟಣ ಆಯ್ತು. ಬಂದವರಲ್ಲಿ ನಮ್ಮವರೂ ಸಾಕಷ್ಟು ಜನ. ಶನಿವಾರ ಸಂಜೆ ಕೆರೆ ದಂಡೆಯ ಪಾರ್ಕಿನಲ್ಲಿ ಒಂದು ಸುತ್ತು ಹಾಕಿ, ಎರಡು ಕಡೆಯಾದರೂ ಕನ್ನಡ ಕಿವಿಗೆ ಬೀಳುತ್ತೆ.

ಜನ ಹೆಚ್ಚಾದರೆ ಮೊದಲು ಮನೆ, ಆಮೇಲೆ ಶಾಲೆ, ಅಂಗಡಿ, ಕೊನೆಗೆ ಆಸ್ಪತ್ರೆ. ನಮ್ಮ ಸುತ್ತಮುತ್ತ ಫ್ರಿಸ್ಕೋ, ಪ್ರಾಸ್ಪರ್ ಕಡೆ ಈಗ ನಡೀತಿರೋದು ಆ ಕೊನೆಯ ಹಂತ. ಊರಿಂದ ಅಪ್ಪ ಅಮ್ಮ ಬಂದಾಗ ನಾವು ಅವರನ್ನ ಕೆರೆಗೆ, ಫ್ರಿಸ್ಕೋದ ಹನುಮಂತನ ದೇವಸ್ಥಾನಕ್ಕೆ, ಮಾಲ್‌ಗೆ ಕರ್ಕೊಂಡು ಹೋಗ್ತೀವಿ. ಆಸ್ಪತ್ರೆ ತೋರಿಸೋಕೆ ಯಾರೂ ಕರ್ಕೊಂಡು ಹೋಗಲ್ಲ, ಹೋಗೋ ಹಾಗೆ ಆಗದಿರಲಿ ಅಂತಲೇ ಬೇಡ್ಕೋತೀವಿ. ಆದರೆ ನನ್ನ ಹೊಟ್ಟೆಪಾಡೇ ಕಟ್ಟಡಗಳದ್ದು. ದೊಡ್ಡ ಬಿಲ್ಡಿಂಗ್‌ಗಳಲ್ಲಿ ಎಸಿ, ಲೈಟು, ಗಾಳಿ ಎಷ್ಟು ಹೊತ್ತಿಗೆ ಎಷ್ಟು ಓಡಬೇಕು ಅಂತ ನೋಡಿಕೊಳ್ಳೋ ಸಿಸ್ಟಮ್‌ಗಳ ಕೆಲಸ. ಹಾಗಾಗಿ ಕಳೆದ ಒಂದು ವರ್ಷದಲ್ಲಿ ಕೆಲವು ಆಸ್ಪತ್ರೆಗಳನ್ನ ಬೇರೆ ಕಣ್ಣಿಂದ ನೋಡಿದೆ. ಈ ತಿಂಗಳ ಪ್ರವಾಸ ಅವುಗಳದ್ದೇ.

ಮನೆ ಹತ್ತಿರದ್ದು: ಫ್ರಿಸ್ಕೋ

ಲಿಟಲ್ ಎಲ್ಮ್‌ನಿಂದ ಎಲ್ಡೊರಾಡೋ ರಸ್ತೆಯಲ್ಲಿ ಪೂರ್ವಕ್ಕೆ ಹೊರಟು ಡಲ್ಲಾಸ್ ನಾರ್ತ್ ಟೋಲ್‌ವೇ ಸೇರಿ ದಕ್ಷಿಣಕ್ಕೆ ತಿರುಗಿದರೆ, ಲೆಬನನ್ ರಸ್ತೆಯ ಹತ್ತಿರ ಸ್ಕಾಟಿಷ್ ರೈಟ್‌ನವರ ಮಕ್ಕಳ ಮೂಳೆ ಆಸ್ಪತ್ರೆ ಸಿಗುತ್ತೆ. ಮೂಲ ಆಸ್ಪತ್ರೆ ಡಲ್ಲಾಸ್‌ನಲ್ಲಿ ಶುರುವಾದದ್ದು 1921ರಲ್ಲಿ, ಪೋಲಿಯೋ ಬಂದ ಮಕ್ಕಳಿಗೋಸ್ಕರ. ಮನೆಯವರ ಹತ್ತಿರ ದುಡ್ಡಿಲ್ಲ ಅನ್ನೋ ಕಾರಣಕ್ಕೆ ಮಗುವನ್ನ ವಾಪಸ್ ಕಳಿಸಬಾರದು ಅನ್ನೋದು ಅವರು ಮೊದಲಿಂದ ಇಟ್ಟುಕೊಂಡು ಬಂದ ಮಾತು. ಫ್ರಿಸ್ಕೋದ ಕಟ್ಟಡ 2018ರ ಅಕ್ಟೋಬರ್‌ನಲ್ಲಿ ತೆರೆಯಿತು. 40 ಎಕರೆ ಜಾಗ, ಐದು ಮಹಡಿ.

40 ಎಕರೆಗೆ ಐದೇ ಮಹಡಿ ಯಾಕೆ ಅಂತ ಅನ್ನಿಸಬಹುದು. ಅಲ್ಲಿಗೆ ಬರೋ ಮಕ್ಕಳಲ್ಲಿ ಬೆನ್ನು ಸೊಟ್ಟಗಾದವರು, ಆಟದಲ್ಲಿ ಮಂಡಿ ಮುರ್ಕೊಂಡವರು, ಹುಟ್ಟಿನಿಂದ ಕೈಕಾಲು ತೊಂದರೆ ಇರೋರು ಇದ್ದಾರೆ. ಅವರಿಗೆ ಬೇಕಾದ್ದು ಹಾಸಿಗೆಗಿಂತ ಹೆಚ್ಚಾಗಿ ನಡೆಯೋಕೆ, ಓಡೋಕೆ ಜಾಗ. ಅದಕ್ಕೇ ಕಟ್ಟಡದ ಹೊರಗೂ ಆಟದ ಬಯಲು ಬಿಟ್ಟಿದ್ದಾರೆ. ಡಲ್ಲಾಸ್‌ನ ಹಳೆ ಆಸ್ಪತ್ರೆಗೆ ಹೋದವರು ಮರೆಯದ ಇನ್ನೊಂದು ವಿಷಯ ಅಂದರೆ ಬಾಗಿಲ ಹತ್ತಿರದ ಪಾಪ್‌ಕಾರ್ನ್. ಫಿನಾಯಿಲ್ ವಾಸನೆ ಬರೋ ಜಾಗದಲ್ಲಿ ಪಾಪ್‌ಕಾರ್ನ್ ವಾಸನೆ ಬಂದರೆ ಮಗುವಿನ ಹೆದರಿಕೆ ಅರ್ಧ ಇಳಿಯುತ್ತೆ. ಕಾಯಿಲೆ ಯಾವುದು, ಬರೋರು ಯಾರು ಅನ್ನೋದನ್ನ ಮೊದಲು ಯೋಚಿಸಿ ಆಮೇಲೆ ಗೋಡೆ ಎತ್ತೋದು. ಇಲ್ಲಿನ ಇಂಜಿನಿಯರುಗಳು ರೋಗಿ ಕೇಂದ್ರಿತ ವಿನ್ಯಾಸ ಅಂತ ದೊಡ್ಡ ಹೆಸರು ಕೊಟ್ಟಿರೋದು ಇದಕ್ಕೇ.

ಬೆಳಗಾಯ್ತೇನೋ?

ಕಿಟಕಿ ವಿಷಯ ನನ್ನ ತಲೆಗೆ ಹೊಕ್ಕಿದ್ದು ಅಮ್ಮನಿಂದ. ಹೋದ ವರ್ಷ ತರೀಕೆರೆಯಿಂದ ಬಂದಿದ್ದರು. ಬಂದ ಎರಡನೇ ತಿಂಗಳಿಗೆ ಜ್ವರ, ಉಸಿರಾಟದ ತೊಂದರೆ. ಹತ್ತಿರದ ಒಂದು ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋದ್ವಿ. ಮೇಲೆ ಬೆಡ್ ಖಾಲಿ ಇರಲಿಲ್ಲ, ಎರಡು ರಾತ್ರಿ ಎಮರ್ಜೆನ್ಸಿಯ ಕೋಣೆಯಲ್ಲೇ ಇಟ್ಟರು. ಚಿಕಿತ್ಸೆಗೆ ಏನೂ ಕಮ್ಮಿ ಮಾಡಲಿಲ್ಲ, ನರ್ಸ್‌ಗಳು ಒಳ್ಳೆಯವರು. ಆದರೆ ಆ ಕೋಣೆಗೆ ಕಿಟಕಿ ಇರಲಿಲ್ಲ. ಲೈಟ್ ಆರಿಸಿದರೂ ಪೂರ್ತಿ ಕತ್ತಲೆ ಆಗ್ತಿರಲಿಲ್ಲ, ಗೋಡೆಯಾಚೆ ಮಾನಿಟರ್‌ಗಳು ಕೂಗ್ತಾನೇ ಇದ್ದವು. ಎರಡನೇ ರಾತ್ರಿ ಎರಡು ಗಂಟೆಗೆ ಅಮ್ಮ ಎದ್ದು ಕೂತು, "ಬೆಳಗಾಯ್ತೇನೋ? ಹಸು ಹಟ್ಟಿ ಬಿಟ್ಟಾಯ್ತಾ?" ಅಂತ ಕೇಳಿದರು. ಹಸು ಕೊಟ್ಟು ಹತ್ತು ವರ್ಷ ಆಗಿದೆ. ಕೈಗೆ ಹಾಕಿದ್ದ ಸೂಜಿ ಕೀಳೋಕೆ ಹೋದರು. ನನಗೆ ಕೈಕಾಲು ಆಡಲಿಲ್ಲ.

ಮೂರನೇ ದಿನ ಮೇಲಿನ ಮಹಡಿಗೆ ಹಾಕಿದರು. ಪೂರ್ವಕ್ಕೆ ಕಿಟಕಿ, ಆಚೆ ಓಕ್ ಮರ. ಮಾರನೇ ದಿನದ ಹೊತ್ತಿಗೆ ಅಮ್ಮ ಮೊದಲಿನ ಹಾಗೆ ಮಾತಾಡ್ತಿದ್ದರು. ಔಷಧಿಯೂ ಕೆಲಸ ಮಾಡಿರುತ್ತೆ, ಕಿಟಕಿಯಿಂದಲೇ ವಾಸಿ ಆಯ್ತು ಅಂತ ನಾನು ಹೇಳಲ್ಲ. ಆದರೆ ಹಗಲು ರಾತ್ರಿ ಗೊತ್ತಾಗದ ಜಾಗದಲ್ಲಿ ವಯಸ್ಸಾದವರಿಗೆ ಹೀಗೆ ದಿಕ್ಕು ತಪ್ಪೋದು ಮಾಮೂಲು, ಇದಕ್ಕೆ ಡೆಲಿರಿಯಂ ಅಂತಾರೆ, ಹಗಲು ಬೆಳಕು ಮತ್ತು ರಾತ್ರಿ ನಿದ್ದೆ ಸಿಗೋ ಹಾಗೆ ನೋಡ್ಕೊಳ್ಳೋದು ಚಿಕಿತ್ಸೆಯ ಒಂದು ಭಾಗ ಅಂತ ಅಲ್ಲಿನ ಡಾಕ್ಟರೇ ಹೇಳಿದರು.

ಆಮೇಲೆ ಹುಡುಕಿದಾಗ ಗೊತ್ತಾಯ್ತು, ಈ ವಿಷಯದಲ್ಲಿ ಜಗತ್ತಿಗೆಲ್ಲ ಪಾಠ ಹೇಳಿದವರು ನಮ್ಮ ಟೆಕ್ಸಸ್‌ನಲ್ಲೇ ಪಾಠ ಮಾಡಿದವರು. ಅವರು ರೋಜರ್ ಉಲ್ರಿಚ್. ಡಲ್ಲಾಸ್, ಹೂಸ್ಟನ್, ಆಸ್ಟಿನ್ ಮೂರರ ನಡುವೆ ಇರೋ ಕಾಲೇಜ್ ಸ್ಟೇಷನ್‌ನ ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಅವರು ಬಹಳ ವರ್ಷ ವಾಸ್ತುಶಿಲ್ಪದ ಪ್ರೊಫೆಸರ್ ಆಗಿದ್ದರು. ಅಲ್ಲಿಗೆ ಬರೋ ಮೊದಲು, 1984ರಲ್ಲಿ, 'ಸೈನ್ಸ್' ಪತ್ರಿಕೆಯಲ್ಲಿ ಒಂದು ಚಿಕ್ಕ ಲೇಖನ ಬರೆದರು. ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯಲ್ಲಿ 1972ರಿಂದ 1981ರವರೆಗೆ ಪಿತ್ತಕೋಶದ ಆಪರೇಷನ್ ಆದವರ ದಾಖಲೆಗಳನ್ನ ತೆಗೆದು ನೋಡಿದರು. ಕೆಲವು ಕೋಣೆಗಳ ಕಿಟಕಿಯಿಂದ ಮರಗಳು ಕಾಣ್ತಿದ್ದವು, ಕೆಲವದರಿಂದ ಇಟ್ಟಿಗೆ ಗೋಡೆ ಮಾತ್ರ. ವಯಸ್ಸು ಮುಂತಾದವು ಹೊಂದೋ ಹಾಗೆ 23 ಜೋಡಿ ರೋಗಿಗಳನ್ನ ಆರಿಸಿ ಹೋಲಿಸಿದರು. ಮರ ಕಂಡವರು ಸರಾಸರಿ 7.96 ದಿನಕ್ಕೆ ಮನೆಗೆ ಹೋಗಿದ್ದರು, ಗೋಡೆ ಕಂಡವರು 8.70 ದಿನಕ್ಕೆ. ಮರ ಕಂಡವರು ಬಲವಾದ ನೋವಿನ ಮಾತ್ರೆ ಕಮ್ಮಿ ತಗೊಂಡಿದ್ದರು. ಬರೀ 46 ಜನರ ಲೆಕ್ಕ, ಚಿಕ್ಕದೇ. ಆದರೆ ಕಿಟಕಿ ಚಂದಕ್ಕೆ ಇರೋದು ಅಂತ ತಿಳಿದಿದ್ದವರಿಗೆ ಅದು ಖರ್ಚು ಉಳಿಸೋ ವಸ್ತುವಾಗಿ ಕಾಣೋಕೆ ಶುರುವಾದದ್ದು ಅಲ್ಲಿಂದ.

ಆಸ್ಟಿನ್: ರನ್‌ವೇ ಮೇಲೆ ಆಸ್ಪತ್ರೆ

ಇದನ್ನೆಲ್ಲ ಒಂದೇ ಕಡೆ ನೋಡಬೇಕಂದ್ರೆ ಆಸ್ಟಿನ್‌ಗೆ ಹೋಗಬೇಕು. ನಮ್ಮ ಮನೆಯಿಂದ ಐ-35 ಹಿಡಿದು ಸುಮಾರು ನಾಲ್ಕು ಗಂಟೆ, ಟ್ರಾಫಿಕ್ ಸಿಕ್ಕಿದರೆ ಐದು. ಅಲ್ಲಿರೋ ಗೆಳೆಯರೊಬ್ಬರ ಮಗುವಿನ ಅಪಾಯಿಂಟ್‌ಮೆಂಟ್‌ಗೆ ಜೊತೆಯಾಗಿ ನಾನು ಡೆಲ್ ಚಿಲ್ಡ್ರನ್ಸ್ ಮೆಡಿಕಲ್ ಸೆಂಟರ್‌ಗೆ ಹೋಗಿದ್ದೆ. ಹೆಸರು ಕೇಳಿದ ಕೂಡಲೇ ಗೊತ್ತಾಗುತ್ತೆ, ಡೆಲ್ ಕಂಪ್ಯೂಟರ್‌ನ ಮೈಕೆಲ್ ಮತ್ತು ಸೂಸನ್ ಡೆಲ್ ದಂಪತಿಯ ಫೌಂಡೇಶನ್ ದೊಡ್ಡ ದೇಣಿಗೆ ಕೊಟ್ಟ ಮಕ್ಕಳ ಆಸ್ಪತ್ರೆ.

ಆ ಜಾಗ ಮೊದಲು ಆಸ್ಟಿನ್‌ನ ಹಳೆ ವಿಮಾನ ನಿಲ್ದಾಣ, ಹೆಸರು ಮ್ಯೂಲರ್. 1999ರಲ್ಲಿ ಅದು ಮುಚ್ಚಿ, ವಿಮಾನಗಳೆಲ್ಲ ಬರ್ಗ್‌ಸ್ಟ್ರಾಮ್‌ಗೆ ಹೋದವು. ಊರ ಮಧ್ಯೆ ಸುಮಾರು 700 ಎಕರೆ ಖಾಲಿ ಆಯ್ತು. ಅಲ್ಲಿ ಮನೆ, ಅಂಗಡಿ, ಪಾರ್ಕ್ ಎಲ್ಲ ಬಂದವು. 2007ರ ಜೂನ್‌ನಲ್ಲಿ ಈ ಆಸ್ಪತ್ರೆ ತೆರೆಯಿತು. ಹಳೆ ರನ್‌ವೇ ಒಡೆದಾಗ ಬಂದ ಸುಮಾರು 47,000 ಟನ್ ಕಲ್ಲುಮಣ್ಣನ್ನ ಲಾರಿಯಲ್ಲಿ ಹೊರಗೆ ಸಾಗಿಸದೆ ಇದೇ ಜಾಗಕ್ಕೆ ಬಳಸಿಕೊಂಡರು. ಕಟ್ಟುವಾಗ ಉಳಿದ ಕಸದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಭಾಗ ಮರುಬಳಕೆಗೆ ಹೋಯಿತು. ಕಾಂಕ್ರೀಟಿನಲ್ಲಿ ಸಿಮೆಂಟಿನ ಒಂದು ಪಾಲಿಗೆ ಬದಲಾಗಿ ಹಾರುಬೂದಿ ಹಾಕಿದರು. ರಾಯಚೂರು ಥರ್ಮಲ್ ಕಡೆಯವರಿಗೆ ಹಾರುಬೂದಿ ಏನು ಅಂತ ನಾನು ಹೇಳಬೇಕಿಲ್ಲ.

ಅಮೆರಿಕದಲ್ಲಿ ಹಸಿರು ಕಟ್ಟಡಗಳಿಗೆ 'ಲೀಡ್' ಅಂತ ಒಂದು ಪರೀಕ್ಷೆ ಇದೆ. ನೀರು, ಕರೆಂಟು, ಸಾಮಾನು, ಒಳಗಿನ ಗಾಳಿ ಎಲ್ಲಕ್ಕೂ ಅಂಕ. ಅದರಲ್ಲಿ ಪ್ಲಾಟಿನಂ ಅನ್ನೋದು ಎಲ್ಲಕ್ಕಿಂತ ಮೇಲಿನ ದರ್ಜೆ. ಆಸ್ಪತ್ರೆಗಳಿಗೆ ಅದು ಸಿಗೋದು ಕಷ್ಟ, ಯಾಕಂದ್ರೆ ಆಸ್ಪತ್ರೆಯಲ್ಲಿ ರಾತ್ರಿ ಅಂತ ಲೈಟ್ ಆರಿಸೋ ಹಾಗಿಲ್ಲ, ಎಸಿ ನಿಲ್ಲಿಸೋ ಹಾಗಿಲ್ಲ, ಒಳಗಿನ ಗಾಳಿಯನ್ನ ಗಂಟೆಗೆ ಹಲವು ಸಲ ಬದಲಾಯಿಸ್ತಾನೇ ಇರಬೇಕು. 2009ರ ಜನವರಿಯಲ್ಲಿ ಡೆಲ್ ಚಿಲ್ಡ್ರನ್ಸ್ ಪ್ಲಾಟಿನಂ ಪಡೆಯಿತು. ಇಡೀ ಜಗತ್ತಿನಲ್ಲೇ ಆ ದರ್ಜೆ ಪಡೆದ ಮೊದಲ ಆಸ್ಪತ್ರೆ ಅದು. 2013ರಲ್ಲಿ ಹೊಸ ಟವರ್ ಸೇರಿಸಿದಾಗ, ಆಸ್ಪತ್ರೆಗಳಿಗಾಗಿಯೇ ಮಾಡಿದ ಹೊಸ ಲೀಡ್ ಪರೀಕ್ಷೆಯಲ್ಲೂ ಪ್ಲಾಟಿನಂ ಬಂತು.

ಸರ್ಟಿಫಿಕೇಟ್ ಬಿಡಿ, ಒಳಗೆ ಹೋದರೆ ನಮಗೆ ಪರಿಚಯ ಇರೋ ಒಂದು ವಸ್ತು ಕಾಣುತ್ತೆ: ತೊಟ್ಟಿ. ನಮ್ಮ ಮಲೆನಾಡಿನ ತೊಟ್ಟಿ ಮನೆಗಳಲ್ಲಿ ಮಧ್ಯೆ ಆಕಾಶಕ್ಕೆ ತೆರೆದ ಅಂಗಳ, ಸುತ್ತಲೂ ಕೋಣೆ, ಎಲ್ಲ ಕೋಣೆಗೂ ಬೆಳಕು. ದೊಡ್ಡ ಆಸ್ಪತ್ರೆಗಳ ತೊಂದರೆ ಏನಂದ್ರೆ ಕಟ್ಟಡ ಅಗಲ ಆದಷ್ಟೂ ನಡುವಿನ ಕೋಣೆಗಳಿಗೆ ಹೊರಗಿನ ಗೋಡೆಯೇ ಸಿಗಲ್ಲ. ಇಲ್ಲಿ ಕಟ್ಟಡದ ಹೊಟ್ಟೆಯೊಳಗೆ ಅಲ್ಲಲ್ಲಿ ಅಂಗಳ ಬಿಟ್ಟಿದ್ದಾರೆ. ಹಾಗಾಗಿ ನಡು ಭಾಗಕ್ಕೂ ಹಗಲು ಬರುತ್ತೆ. ಈ ಆಸ್ಪತ್ರೆಗೆ ಮಧ್ಯ ಟೆಕ್ಸಸ್‌ನ 46 ಕೌಂಟಿಗಳಿಂದ ಮಕ್ಕಳು ಬರ್ತಾರೆ. ಆ ಸೀಮೆಗಳ ಬೇರೆ ಬೇರೆ ನೆಲದ ಗಿಡಗಳನ್ನ ಈ ಅಂಗಳಗಳಲ್ಲಿ ಬೆಳೆಸಿದ್ದಾರೆ. ದೂರದ ಹಳ್ಳಿಯ ಮಗು ಕಾರಿಡಾರ್‌ನಲ್ಲಿ ನಡೀತಾ ತನ್ನ ಊರಿನ ಗಿಡ ಕಂಡು ನಿಲ್ಲಬಹುದು. ಬಯಲುಸೀಮೆಯವನು ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿ ಕಿಟಕಿಯಾಚೆ ಜಾಲಿ ಮರ ನೋಡಿದ ಹಾಗೆ ಅಂದ್ಕೊಳ್ಳಿ. ಇದರ ಜೊತೆಗೆ ಹೊರಗೆ ಮೂರು ಎಕರೆಯ ತೋಟವೂ ಇದೆ, ಮಕ್ಕಳು ಮತ್ತು ಮನೆಯವರು ಓಡಾಡೋಕೆ.

ಗೆಳೆಯರ ಹೆಂಡತಿ ಹೇಳಿದ ಒಂದು ಮಾತು ನೆನಪಿದೆ. "ಅಣ್ಣ, ಡಾಕ್ಟರ್ ಏನೋ ಹೇಳಿದಾಗ ಅಳು ಬಂತು. ಮಗು ಮುಂದೆ ಅಳೋ ಹಾಗಿರಲಿಲ್ಲ. ಹೊರಗೆ ಗಿಡಗಳ ಹತ್ತಿರ ಹೋಗಿ ಹತ್ತು ನಿಮಿಷ ನಿಂತು ಬಂದೆ" ಅಂದರು. ಬಂಧು ಬಳಗ ಯಾರೂ ಇಲ್ಲದ ಊರಿನಲ್ಲಿ ಅಳೋಕೆ ಒಂದು ಜಾಗ ಬೇಕು. ಕಾರ್ ಪಾರ್ಕಿಂಗ್‌ನಲ್ಲಿ ಕಾರಿನೊಳಗೆ ಕೂತು ಅತ್ತವರು ನಮ್ಮಲ್ಲಿ ಎಷ್ಟು ಜನ ಇಲ್ಲ? ದೂರದಿಂದ ಬಂದ ಮನೆಯವರಿಗೆ ಉಳ್ಕೊಳ್ಳೋಕೆ ಆಸ್ಪತ್ರೆಯ ಹತ್ತಿರವೇ ರೊನಾಲ್ಡ್ ಮೆಕ್‌ಡೊನಾಲ್ಡ್ ಹೌಸ್ ಇದೆ ಅನ್ನೋದು ಕೂಡ ತಿಳಿದಿರಲಿ. ಡಲ್ಲಾಸ್, ಹೂಸ್ಟನ್‌ನಲ್ಲೂ ಇವೆ. ಆಸ್ಪತ್ರೆಯ ಸೋಷಿಯಲ್ ವರ್ಕರ್‌ನ ಕೇಳಿದರೆ ದಾರಿ ಹೇಳ್ತಾರೆ.

ಕರೆಂಟು ಹೋದರೆ?

ನನ್ನ ಕೆಲಸಕ್ಕೆ ಹತ್ತಿರದ ವಿಷಯ ಅಂದರೆ ಡೆಲ್ ಚಿಲ್ಡ್ರನ್ಸ್‌ನ ಕರೆಂಟು. ಆಸ್ಪತ್ರೆಯ ಜಾಗದಲ್ಲೇ ಆಸ್ಟಿನ್ ಎನರ್ಜಿಯವರ 4.3 ಮೆಗಾವ್ಯಾಟ್‌ನ ಗ್ಯಾಸ್ ಟರ್ಬೈನ್ ಇದೆ. ಮಾಮೂಲು ವಿದ್ಯುತ್ ಸ್ಥಾವರದಲ್ಲಿ ಇಂಧನ ಉರಿಸಿದಾಗ ಬರೋ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಸುಮ್ಮನೆ ಗಾಳಿಗೆ ಹೋಗುತ್ತೆ. ಇಲ್ಲಿ ಆ ಶಾಖವನ್ನ ಹಿಡಿದು ಅದರಿಂದ ಹಬೆ ಮಾಡ್ತಾರೆ, ಎಸಿಗೆ ಬೇಕಾದ ತಣ್ಣೀರನ್ನೂ ಮಾಡ್ತಾರೆ. ಒಂದೇ ಒಲೆಯಲ್ಲಿ ಅನ್ನ ಬೇಯಿಸಿ, ಅದೇ ಕೆಂಡದಲ್ಲಿ ಸ್ನಾನಕ್ಕೆ ನೀರು ಕಾಯಿಸೋ ನಮ್ಮ ಹಳೆ ಅಡುಗೆ ಮನೆಯ ಲೆಕ್ಕ ಇದು.

ಇದು ಬರೀ ಉಳಿತಾಯದ ಮಾತಲ್ಲ. 2021ರ ಫೆಬ್ರವರಿಯಲ್ಲಿ ಹಿಮ ಬಿದ್ದು ಟೆಕ್ಸಸ್‌ನ ಗ್ರಿಡ್ ಕುಸಿದಾಗ ಇಲ್ಲಿದ್ದವರಿಗೆ ನೆನಪಿರುತ್ತೆ, ಮನೆಯೊಳಗೆ ಸ್ವೆಟರ್ ಮೇಲೆ ಸ್ವೆಟರ್ ಹಾಕ್ಕೊಂಡು ಕೂತಿದ್ದು. ಕರೆಂಟು ಹೋದರೆ ಆಸ್ಪತ್ರೆ ಏನು ಮಾಡಬೇಕು ಅನ್ನೋ ಪಾಠವನ್ನ ಹೂಸ್ಟನ್ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ಕಲಿತಿತ್ತು. 2001ರ ಜೂನ್‌ನಲ್ಲಿ ಅಲಿಸನ್ ಚಂಡಮಾರುತದ ಮಳೆಗೆ ಅಲ್ಲಿನ ಟೆಕ್ಸಸ್ ಮೆಡಿಕಲ್ ಸೆಂಟರ್‌ನ ನೆಲಮಾಳಿಗೆಗಳು ಮುಳುಗಿದವು. ಕರೆಂಟಿನ ಪ್ಯಾನೆಲ್‌ಗಳು ಇದ್ದದ್ದೂ ಅಲ್ಲೇ. ಮೆಮೋರಿಯಲ್ ಹರ್ಮನ್ ಆಸ್ಪತ್ರೆಯಿಂದ ಸುಮಾರು 540 ರೋಗಿಗಳನ್ನ ಹೊರಗೆ ಸಾಗಿಸಬೇಕಾಯ್ತು. ಲಿಫ್ಟ್ ಇಲ್ಲದೆ ರೋಗಿಗಳನ್ನ ಮೆಟ್ಟಿಲಲ್ಲಿ ಹೊತ್ತು ಇಳಿಸಿದರು.

ಆಮೇಲೆ ಅಲ್ಲಿನ ಆಸ್ಪತ್ರೆಗಳು ನೀರು ತಡೆಯೋ ದಪ್ಪ ಬಾಗಿಲು ಹಾಕಿಸಿದವು, ಕರೆಂಟಿನ ಸಾಮಾನನ್ನ ಮೇಲಕ್ಕೆ ಎತ್ತಿದವು. 2010ರಲ್ಲಿ ಮೆಡಿಕಲ್ ಸೆಂಟರ್‌ಗೇ 48 ಮೆಗಾವ್ಯಾಟ್‌ನ ಸ್ವಂತ ಸ್ಥಾವರ ಬಂತು, ಡೆಲ್ ಚಿಲ್ಡ್ರನ್ಸ್‌ನಲ್ಲಿ ಇರೋ ಥರದ್ದೇ, ದೊಡ್ಡದು. 2017ರ ಆಗಸ್ಟ್‌ನಲ್ಲಿ ಹಾರ್ವೆ ಬಂದು ಇಡೀ ಹೂಸ್ಟನ್ ನೀರಲ್ಲಿ ನಿಂತಾಗ ಅಲ್ಲಿನ ಬಹುಪಾಲು ಆಸ್ಪತ್ರೆಗಳು ಕೆಲಸ ನಿಲ್ಲಿಸಲಿಲ್ಲ. ಹಸಿರು ಕಟ್ಟಡ ಅಂದರೆ ಛಾವಣಿ ಮೇಲೆ ಹುಲ್ಲು ಬೆಳೆಸೋದು ಅಂತ ತಮಾಷೆ ಮಾಡೋರಿಗೆ ಹೂಸ್ಟನ್ ತೋರಿಸಬೇಕು. ವೆಂಟಿಲೇಟರ್ ಮೇಲಿರೋರಿಗೆ ಅದು ಉಸಿರಿನ ವಿಷಯ.

ಇದು ನಮಗೆ ಹೊಸದಾ?

ಬೆಳಕು, ಗಾಳಿ, ಜೊತೆಗೆ ಮನೆಯವರು. ಯೋಚನೆ ಮಾಡಿದರೆ ಇದು ಅಮೆರಿಕದಿಂದ ಕಲಿಯಬೇಕಾದ ವಿದ್ಯೆ ಅಲ್ಲ. ಸ್ಕಾಟಿಷ್ ರೈಟ್ ಶುರುವಾದ ಅದೇ 1921ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಪಿಕೆಟಿಬಿ ಸ್ಯಾನಟೋರಿಯಂ ಶುರುವಾಯಿತು. ಕ್ಷಯದಿಂದ ತೀರಿಕೊಂಡ ಅವರ ಸೋದರಿ ಕೃಷ್ಣಾಜಮ್ಮಣ್ಣಿಯವರ ಹೆಸರು ಅದಕ್ಕೆ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಸಿಕ್ಕಿದ್ದು 1943ರಲ್ಲಿ. ಅದಕ್ಕೂ ಮುಂಚೆ ಡಾಕ್ಟರ ಕೈಯಲ್ಲಿ ಇದ್ದದ್ದು ಒಳ್ಳೆ ಗಾಳಿ, ಬಿಸಿಲು, ಊಟ, ವಿಶ್ರಾಂತಿ ಇಷ್ಟೇ. ಅಂದರೆ ಊರ ಹೊರಗಿನ ಬಯಲು, ಗಾಳಿಯಾಡೋ ವಾರ್ಡು ಇವೇ ಔಷಧಿ. ಮಾತ್ರೆ ಬಂದ ಮೇಲೆ ಜಗತ್ತು ಕಿಟಕಿಯನ್ನ ಮರೆಯಿತು, ಎಸಿ ಬಂದ ಮೇಲೆ ಪೂರ್ತಿ ಮುಚ್ಚಿತು.

ಅದೇ ಮೈಸೂರಿನಲ್ಲಿ 2013ರಲ್ಲಿ ನಾರಾಯಣ ಹೃದಯಾಲಯದವರು ಸುಮಾರು 300 ಹಾಸಿಗೆಯ ಆಸ್ಪತ್ರೆ ಕಟ್ಟಿದರು. ಖರ್ಚು ಕಮ್ಮಿ ಮಾಡಬೇಕು ಅನ್ನೋದೇ ಅವರ ಗುರಿ. ಎತ್ತರಕ್ಕೆ ಹೋಗದೆ ನೆಲದ ಮೇಲೆ ಹರಡಿದ ಕಟ್ಟಡ, ವಾರ್ಡಿಗೆ ಸಹಜ ಗಾಳಿ, ಎಸಿ ಇರೋದು ಆಪರೇಷನ್ ಥಿಯೇಟರ್ ಮತ್ತು ಐಸಿಯುಗೆ. ರೋಗಿಯ ಮನೆಯವರಿಗೇ ತರಬೇತಿ ಕೊಟ್ಟು ಆರೈಕೆಯಲ್ಲಿ ಸೇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ರೋಗಿಯ ಜೊತೆ ಕುಟುಂಬವನ್ನ ಸೇರಿಸಿಕೊಂಡು ಚಿಕಿತ್ಸೆ ಕೊಡೋ ಪದ್ಧತಿ ದಶಕಗಳಿಂದ ಇದೆ. ಆಸ್ಟಿನ್‌ನ ಆಸ್ಪತ್ರೆ ದುಡ್ಡಿದ್ದು ಮಾಡಿದ್ದನ್ನ ಮೈಸೂರು ದುಡ್ಡು ಉಳಿಸೋಕೆ ಮಾಡಿತು. ಎರಡೂ ಬಂದು ನಿಂತದ್ದು ಬೆಳಕಿನ ಹತ್ತಿರವೇ.

ನಾವು ಏನು ಕೇಳಬಹುದು

ಆಂಬುಲೆನ್ಸ್‌ನಲ್ಲಿ ಹೋಗೋವಾಗ ಯಾರೂ ಕಟ್ಟಡ ಆರಿಸೋಕೆ ಆಗಲ್ಲ. ಇನ್ಶೂರೆನ್ಸ್ ಒಪ್ಪೋ ಕಡೆಗೇ ಹೋಗಬೇಕು. ಆದರೆ ಒಳಗೆ ಹೋದ ಮೇಲೆ ಕೇಳಬಹುದಾದ ಕೆಲವು ವಿಷಯ ಇವೆ. ಮೆಡಿಕೇರ್ ಹಣ ಪಡೆಯೋ ಆಸ್ಪತ್ರೆಗಳಲ್ಲಿ ರೋಗಿ ಮಲಗೋ ಕೋಣೆಗೆ ಹೊರಗಿನ ಕಿಟಕಿ ಅಥವಾ ಬಾಗಿಲು ಇರಲೇಬೇಕು ಅನ್ನೋದು ಇಲ್ಲಿನ ಕೇಂದ್ರ ಸರ್ಕಾರದ ನಿಯಮ. ಎಮರ್ಜೆನ್ಸಿಯ ಕೋಣೆಗಳನ್ನ ಸ್ವಲ್ಪ ಹೊತ್ತು ಇರೋದಕ್ಕೆ ಅಂತ ಕಟ್ಟಿರ್ತಾರೆ, ಬೆಡ್ ಸಿಗದೆ ಅಲ್ಲೇ ದಿನಗಟ್ಟಲೆ ಉಳಿಯೋದು ಆಮೇಲಿನ ತೊಂದರೆ. ಆದ್ದರಿಂದ ವಯಸ್ಸಾದವರು ಜೊತೆಗಿದ್ದರೆ:

ಮೇಲಿನ ಮಹಡಿಗೆ ಯಾವಾಗ ಹಾಕ್ತೀರಿ ಅಂತ ನರ್ಸ್‌ನ ಆಗಾಗ ಕೇಳಿ. ವಯಸ್ಸಾದವರು ಗೊಂದಲ ಆಗ್ತಿದ್ದಾರೆ ಅಂತ ಬಾಯಿಬಿಟ್ಟು ಹೇಳಿ. ಭಾಷೆ ಬರದೆ ಸುಮ್ಮನಿದ್ದಾರೆ ಅಂತ ಅವರು ತಿಳಿದಿರಬಹುದು.

ಕೋಣೆ ಸಿಕ್ಕ ಮೇಲೆ ಹಗಲು ಪರದೆ ಸರಿಸಿಡಿ, ರಾತ್ರಿ ಲೈಟ್ ಕಮ್ಮಿ ಮಾಡೋಕೆ ಹೇಳಿ. ಕನ್ನಡಕ, ಕಿವಿಯ ಮೆಷಿನ್ ಮನೆಯಿಂದ ತನ್ನಿ. ಒಂದು ಗಡಿಯಾರ ಎದುರಿಗೆ ಇಡಿ.

ನೀವು ರಾತ್ರಿ ಉಳಿಯೋಕೆ ಮಲಗೋ ಕುರ್ಚಿ ಇದೆಯಾ ಕೇಳಿ. ಹೊಸ ಆಸ್ಪತ್ರೆಗಳಲ್ಲಿ ಒಬ್ಬರಿಗೆ ಒಂದೇ ಕೋಣೆ ಮಾಡೋದರ ಒಂದು ಕಾರಣವೇ ಮನೆಯವರು ಉಳಿಯಲಿ ಅಂತ. ಡಲ್ಲಾಸ್‌ನ ಸರ್ಕಾರಿ ಆಸ್ಪತ್ರೆ ಪಾರ್ಕ್‌ಲ್ಯಾಂಡ್ 2015ರಲ್ಲಿ ಹೊಸ ಕಟ್ಟಡಕ್ಕೆ ಹೋದಾಗ 862 ಕೋಣೆಗಳನ್ನೂ ಒಬ್ಬರಿಗೇ ಒಂದು ಅಂತ ಕಟ್ಟಿದರು. ಇನ್ಶೂರೆನ್ಸ್ ಇಲ್ಲದವರಿಗೂ ಹಾಗೆ. ಅದರ ನೆರವಿನ ಯೋಜನೆಗಳು ಡಲ್ಲಾಸ್ ಕೌಂಟಿಯವರಿಗೆ ಅನ್ನೋದು ಗೊತ್ತಿರಲಿ, ನಮ್ಮ ಲಿಟಲ್ ಎಲ್ಮ್ ಇರೋದು ಡೆಂಟನ್ ಕೌಂಟಿಯಲ್ಲಿ.

ಕನ್ನಡ ಇಂಟರ್‌ಪ್ರಿಟರ್ ಬೇಕು ಅಂತ ಕೇಳಿ. ಕೇಂದ್ರದ ಹಣ ಪಡೆಯೋ ಆಸ್ಪತ್ರೆಗಳು ಇದನ್ನ ಬಿಟ್ಟಿಯಾಗಿ ಕೊಡಬೇಕು. ಫೋನಿನಲ್ಲಾದರೂ ಸಿಗುತ್ತೆ. ಹಿಂದಿ ಸಾಕಲ್ವಾ ಅಂದರೆ, ಅಮ್ಮನಿಗೆ ಹಿಂದಿ ಬರಲ್ಲ ಅಂತ ಹೇಳಿ.

ಇನ್ನು ಕಾಯಿಲೆ ಇಲ್ಲದೆ ಆಸ್ಟಿನ್ ಕಡೆ ಹೋದವರು ಮ್ಯೂಲರ್‌ಗೆ ಒಂದು ಸಲ ಹೋಗಿ ಬನ್ನಿ. ಹಳೆ ವಿಮಾನ ನಿಲ್ದಾಣದ ಕಂಟ್ರೋಲ್ ಟವರ್ ಇನ್ನೂ ನಿಂತಿದೆ. ಕೆರೆ ಸುತ್ತ ನಡೆಯೋ ದಾರಿ ಇದೆ. ಮಕ್ಕಳಿದ್ದರೆ ಥಿಂಕರಿ ಮ್ಯೂಸಿಯಂ ಅಲ್ಲೇ. ಆಸ್ಪತ್ರೆಯನ್ನ ಹೊರಗಿನಿಂದ ನೋಡಿದರೂ ಸಾಕು, ಒಳಗೆ ಮಲಗಿರೋ ಮಕ್ಕಳಿಗೆ ತೊಂದರೆ ಬೇಡ. ಬೇಸಿಗೆಯಲ್ಲಿ ಹೋದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ, ಆಮೇಲೆ ಬಿಸಿಲು ತಡೆಯೋಕಾಗಲ್ಲ. ನೀರು, ಮಜ್ಜಿಗೆ ಕಾರಿನಲ್ಲಿ ಇರಲಿ.